ಹೆಸರಿನಲ್ಲಷ್ಟೇ ‘ಹಿಂದೂ’ ಹೆಬ್ಬಾಗಿಲು

ಮಾನ್ಯ ಸಂಪಾದಕರೇ,

ಹೊರದೇಶದ ಕಟ್ಟಡಗಳ ಮೇಲೆ ಭಾರತೀಯ ಶೈಲಿಯ ಪ್ರಭಾವ ಕುರಿತ ಪುರವಣಿ ಲೇಖನದಲ್ಲಿ ಐರ್ಲೆಂಡಿನ ಡ್ರೊಮಾನಾ ಹೆಬ್ಬಾಗಿಲಿನ ಪ್ರಸ್ತಾಪವೇ ಇರಲಿಲ್ಲ.

ವಾಟರ್‌ಫರ್ಡ್ ಕೌಂಟಿಯಲ್ಲಿ, ಫಿನಿಸ್ಕ್ ನದಿಯ ಸೇತುವೆಗೆ ಅಂಟಿಕೊಂಡಂತಿರುವ ಇದು ವಿಲಿಯರ್ಸ್-ಸ್ಟುವರ್ಟ್ ಮನೆತನದ ಎಸ್ಟೇಟಿಗೆ ಪ್ರವೇಶದ್ವಾರವೂ ಹೌದು, ಕಾವಲುಗಾರನ ಬಿಡಾರವೂ ಹೌದು. ಹೆನ್ರಿ ವಿಲಿಯರ್ಸ್-ಸ್ಟುವರ್ಟ್ ಮದುವೆಯಾಗಿ ಮಡದಿಯೊಂದಿಗೆ ಊರಿಗೆ ಮರಳಿದಾಗ, ಒಕ್ಕಲುಗಳು ನಮ್ಮ ಮದುವೆ ಚಪ್ಪರದಂತೆ ಹಗುರ ಸಾಮಗ್ರಿಯಲ್ಲಿ ಎಬ್ಬಿಸಿದ್ದ ಸ್ವಾಗತ ದ್ವಾರವನ್ನು ದಂಪತಿ ಬಹುವಾಗಿ ಮೆಚ್ಚಿ, ಮುಂದೆ ಅದನ್ನೇ ಶಾಶ್ವತವಾಗಿ ಕಟ್ಟಿಸಿದರೆಂಬುದು ಪ್ರತೀತಿ.

ನಡುವಿನ ಕಮಾನಿನ ಮೇಲೆ ಈರುಳ್ಳಿಯಾಕಾರದ ಹಸಿರುಗಟ್ಟಿದ ತಾಮ್ರದ ಗುಮ್ಮಟ, ಅದರ ಆಸುಪಾಸಿನಲ್ಲಿ ಮಿನಾರಿನಂಥ ತೆಳು ಗೋಪುರಗಳು, ಕೆಳಗೆ ಮಾತ್ರ ಇಗರ್ಜಿಯನ್ನು ನೆನಪಿಸುವ ಚೂಪು ಕಮಾನಿನ ಕಿಟಕಿಗಳು. ವಾಸ್ತು ಬರಹಗಳು ಇದನ್ನು ‘ಹಿಂದೂ-ಗೋಥಿಕ್’ (ಗೋಥಿಕ್ ಎಂದರೆ ಯುರೋಪಿನ ಹಳೆಯ ಇಗರ್ಜಿಗಳ ಚೂಪು ಕಮಾನಿನ ಶೈಲಿ) ಎನ್ನುತ್ತವೆ. ನನಗೇನೋ ಈ ಹೆಸರಿನ ಮೊದಲರ್ಧ ಒಪ್ಪಿಗೆಯಿಲ್ಲ. ವಿಜಯಪುರದ ಆದಿಲ್‌ಶಾಹಿ ಗೋರಿ ಇಬ್ರಾಹಿಂ ರೋಜಾ ನೋಡಿದವರಿಗೆ ಈ ಗುಮ್ಮಟದ ನೆಂಟಸ್ತಿಕೆ ದೇಗುಲದ ಶಿಖರದೊಂದಿಗಲ್ಲ ಎಂಬುದು ಕೂಡಲೇ ಹೊಳೆಯುತ್ತದೆ. ಇದಕ್ಕೆ ಹತ್ತಿರದ ಮಾದರಿಯೆಂದರೆ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ ಮರುರೂಪಿಸಿದ ಇಂಗ್ಲೆಂಡಿನ ಅರಮನೆ ಬ್ರೈಟನ್ ಪೆವಿಲಿಯನ್.

ಪಾಳುಬೀಳುತ್ತಿದ್ದ ಈ ಕಟ್ಟಡವನ್ನು 1960ರ ದಶಕದಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಐರಿಷ್ ಜಾರ್ಜಿಯನ್ ಸೊಸೈಟಿ ದುರಸ್ತಿ ಮಾಡಿಸಿತು. ಲೇಖಕರು ಮುಂದಿನ ಕಂತಿನಲ್ಲಾದರೂ ಇದಕ್ಕೆ ಜಾಗ ಕೊಡಲಿ, ಗುಮ್ಮಟದ ಜೊತೆಗೆ ಆ ಕಿಟಕಿಗಳ ಚಿತ್ರವನ್ನೂ ಅಚ್ಚು ಹಾಕಲಿ ಎಂದು ಕೋರುತ್ತೇನೆ.

– ಓರ್ವ ಓದುಗ, ಡಬ್ಲಿನ್