ಸಾನ್ ಜನ ಮ್ಯೂಸಿಯಂ ಒಳಗಿಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ದಕ್ಷಿಣ ಆಫ್ರಿಕಾ ಭಾಗದ ಕಲಹರಿ ಮರುಭೂಮಿಯ ಸಾನ್ ಅನ್ನೋ ಮೂಲನಿವಾಸಿ ಜನರ ಬಗ್ಗೆ ಬಂದ ಲೇಖನ ಓದ್ದೆ, ಫೋಟೋಗಳು ಸೂಪರ್, ಬೇಟೆ ವಿವರಾನೂ ಚೆನ್ನಾಗಿತ್ತು, ಆದ್ರೆ ಶುರುವಿಂದ ಕೊನೆ ತನಕ ಶಿಲಾಯುಗದಲ್ಲೇ ನಿಂತುಬಿಟ್ಟ ಜನ ಅನ್ನೋ ಧಾಟಿನೇ. ನನ್ನ ತಕರಾರು ಅಲ್ಲೇ. ಶಿಲಾಯುಗದವರು ಕಂಪ್ಯೂಟರ್ ಕಾಲದಲ್ಲಿ ಉಳಿಯೋಕಾಗಲ್ಲ ಅನ್ನೋ ಮಾತನ್ನ ಬೋಟ್ಸ್ವಾನಾದಲ್ಲಿ ಅಧಿಕಾರದಲ್ಲಿದ್ದವರೇ ತೊಂಬತ್ತರ ದಶಕದಲ್ಲಿ ಆಡಿದ್ರು, ಅದರ ಬೆನ್ನಿಗೇ ಆ ಜನಾನ ಅವರ ನೆಲದಿಂದ ಎಬ್ಬಿಸಿದ್ದು.

ಮೊದ್ಲು ಹಳೇ ಬದುಕಿನ ಬಗ್ಗೆನೇ ಹೇಳ್ತೀನಿ, ಯಾಕಂದ್ರೆ ಲೇಖನದಲ್ಲಿ ಬಿಲ್ಲು ಬಾಣ ಬಂತು, ಅದರ ಹಿಂದಿನ ಲೆಕ್ಕಾಚಾರ ಬರ್ಲಿಲ್ಲ. ಬಾಣಕ್ಕೆ ಹಚ್ಚೋ ವಿಷ ಒಂದು ಜಾತಿ ಜೀರುಂಡೆಯ ಮರಿಹುಳದಿಂದ ತೆಗೆಯೋದು, ಅದು ನಿಧಾನಕ್ಕೆ ಏರುತ್ತೆ, ದೊಡ್ಡ ಪ್ರಾಣಿ ಆದ್ರೆ ಹೊಡೆದ ಮೇಲೆ ಗಂಟೆಗಟ್ಟಲೆ, ಕೆಲವು ಸಲ ಮಾರನೇ ದಿನಾನೂ ಹೆಜ್ಜೆ ಗುರುತು ಹಿಡ್ಕೊಂಡು ಹೋಗ್ಬೇಕು. ಇನ್ನು ಮಾಂಸ ಯಾರದ್ದು? ಹೊಡೆದವನದ್ದು ಅಂದ್ಕೊಂಡ್ರೆ ತಪ್ಪು. ನಮೀಬಿಯಾ, ಬೋಟ್ಸ್ವಾನಾ ಗಡಿಯ ಜುಹೋವಾನ್ಸಿ ಅನ್ನೋ ಸಾನ್ ಗುಂಪಿನವರಲ್ಲಿ ಬಾಣ ಯಾರದ್ದೋ ಹಂಚೋ ಹಕ್ಕು ಅವರದ್ದು, ಬಾಣಗಳನ್ನ ಒಬ್ಬರಿಗೊಬ್ಬರು ಕೊಟ್ಟು ತಗೊಂಡು ಮಾಡ್ತಾನೇ ಇರೋದ್ರಿಂದ ಬೇಟೆಗೆ ಹೋಗೋ ಶಕ್ತಿ ಇಲ್ಲದ ಮುದುಕನೂ ಒಂದು ದಿನ ಮಾಂಸದ ಯಜಮಾನ ಆಗ್ಬಹುದು. ಮೇಲಿಂದ, ಕೊಬ್ಬಿದ ಪ್ರಾಣಿ ತಂದವನಿಗೆ ಶಹಬ್ಬಾಸ್ ಸಿಗಲ್ಲ, ಇದೇನಪ್ಪ ಬರೀ ಮೂಳೆ ತಂದಿದೀಯ ಅಂತ ಎಲ್ಲರೂ ಸೇರಿ ಕಾಲೆಳೀತಾರೆ, ಅವನ ತಲೆ ತಿರುಗಬಾರದು ಅಂತ. 1960ರ ದಶಕದಲ್ಲಿ ಅಲ್ಲಿದ್ದ ಮಾನವಶಾಸ್ತ್ರಜ್ಞ ರಿಚರ್ಡ್ ಲೀ ಇದನ್ನ ದಾಖಲು ಮಾಡಿದಾರೆ, ಒಂದು ಸಲ ಅವರೂ ಇದೇ ಗೇಲಿಗೆ ಸಿಕ್ಕಿಬಿದ್ದಿದ್ರು! ಅವರ ಲೆಕ್ಕದಲ್ಲೇ ಊಟದ ಅರ್ಧಕ್ಕಿಂತ ಜಾಸ್ತಿ ಪಾಲು ಗಿಡ ಮರದ್ದು, ಮೊಂಗೊಂಗೊ ಬೀಜ, ಗೆಡ್ಡೆ, ಹಣ್ಣು, ಅದನ್ನ ಕೂಡಿಸೋದು ಹೆಚ್ಚಾಗಿ ಹೆಂಗಸರು. ನಿಮ್ಮ ಫೋಟೋಗಳಲ್ಲಿ ಬರೀ ಗಂಡಸರೇ ಇದ್ರು ಅಂತ ನೆನಪಿಸ್ತಾ ಇದೀನಿ ಅಷ್ಟೇ.

ಅಂದಹಾಗೆ ಸಾನ್ ಅಂದ್ರೆ ಒಂದೇ ಬುಡಕಟ್ಟಲ್ಲ, ನಾರೊ, ಗ್ವಿ, ಗಾನಾ, ಖೊಮಾನಿ ಹೀಗೆ ಎಷ್ಟೋ ಗುಂಪುಗಳು, ಎಷ್ಟೋ ಭಾಷೆಗಳು.

ಇತಿಹಾಸ ಅಂತ ಬಂದ್ರೆ ಹದಿನೆಂಟನೇ ಶತಮಾನ ಬಿಟ್ಟು ಬರೆಯೋಕೆ ಹೇಗೆ ಸಾಧ್ಯ? ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನ ಡಚ್ ರೈತರು ದನ ಕುರಿ ಹೊಡ್ಕೊಂಡು ಒಳನಾಡಿಗೆ ಬಂದ್ರು, ನೀರಿನ ತಾಣ ಹಿಡ್ಕೊಂಡ್ರು, ಸಾನ್ ಜನ ತಿರುಗಿಬಿದ್ದಾಗ ಕಮಾಂಡೋ ಅನ್ನೋ ಕುದುರೆ ದಂಡು ಕಟ್ಕೊಂಡು ಗಂಡಸರನ್ನ ಕೊಂದು ಮಕ್ಕಳನ್ನ ಜೀತಕ್ಕೆ ಎಳ್ಕೊಂಡು ಹೋದ್ರು, 1774ರದ್ದಂತೂ ಆಗ ಕೇಪ್ ಆಳ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿ ಆಡಳಿತದ ಒಪ್ಪಿಗೆ ಇದ್ದ ದೊಡ್ಡ ಕಾರ್ಯಾಚರಣೆ. ಹಾಗೆ ನಾಶ ಆದವರಲ್ಲಿ ಕ್ಸಾಮ್ ಅನ್ನೋ ಸಾನ್ ಭಾಷೆಯವರೂ ಇದ್ರು. 1870ರ ದಶಕದಲ್ಲಿ ಕೇಪ್‌ಟೌನ್‌ನಲ್ಲಿ ವಿಲ್ಹೆಲ್ಮ್ ಬ್ಲೀಕ್, ಲೂಸಿ ಲಾಯ್ಡ್ ಅನ್ನೋ ಇಬ್ಬರು ಭಾಷಾ ಸಂಶೋಧಕರು, ಕೈದಿಯಾಗಿ ಬಂದಿದ್ದ ಕಾಬೊ ಅನ್ನೋ ಕ್ಸಾಮ್ ಮನುಷ್ಯ ಮತ್ತೆ ಅವನ ಕಡೆಯವರ ಬಾಯಿಂದ ಕಥೆ ಕೇಳಿ ನೋಟ್‌ಬುಕ್‌ಗಟ್ಟಲೆ ಬರ್ಕೊಂಡ್ರು, ಅದು ಬಿಟ್ರೆ ಆ ಭಾಷೆಯದ್ದು ಉಳಿದಿದ್ದು ಬಹಳ ಕಮ್ಮಿ. 2000ದಲ್ಲಿ ದಕ್ಷಿಣ ಆಫ್ರಿಕಾ ತನ್ನ ಹೊಸ ಲಾಂಛನಕ್ಕೆ ಧ್ಯೇಯವಾಕ್ಯ ಹಾಕ್ಕೊಂಡಿದ್ದು ಅದೇ ಭಾಷೇಲಿ. ಮಾತಾಡೋರು ಒಬ್ಬರೂ ಇಲ್ಲದ ಮೇಲೆ ಮರ್ಯಾದೆ ಕೊಡೋದು ಸುಲಭ ನೋಡಿ.

ಇನ್ನು ಬೋಟ್ಸ್ವಾನಾದ ಸೆಂಟ್ರಲ್ ಕಲಹರಿ ಗೇಮ್ ರಿಸರ್ವ್, ಅಂದ್ರೆ ವನ್ಯಜೀವಿ ಮೀಸಲು ಪ್ರದೇಶ. 1961ರಲ್ಲಿ ಬ್ರಿಟಿಷರ ಕಾಲದಲ್ಲೇ ಆಗಿದ್ದು, ಪ್ರಾಣಿಗಳ ಜೊತೆ ಅಲ್ಲಿನ ಜನರೂ ಇರ್ಬೇಕು ಅನ್ನೋ ಉದ್ದೇಶಾನೂ ಇತ್ತು. ಆಮೇಲೆ 1997ರಲ್ಲಿ, ಮತ್ತೆ 2002ರಲ್ಲಿ ಸರ್ಕಾರ ಅವರನ್ನ ಹೊರಗೆ ಸಾಗಿಸ್ತು, ಬೋರ್‌ವೆಲ್ಲೂ ಮುಚ್ಚಿಸ್ತು. ನೀವೀಗ ಆಡು ಸಾಕ್ತೀರ, ಕುದುರೆ ಹತ್ತಿ ಬೇಟೆ ಆಡ್ತೀರ, ಮೊದಲಿನ ಥರ ಬದುಕ್ತಾ ಇಲ್ವಲ್ಲ ಅನ್ನೋದೂ ಸರ್ಕಾರದ ಒಂದು ವಾದ. ಬದಲಾಗದಿದ್ರೆ ಶಿಲಾಯುಗ, ಬದಲಾದ್ರೆ ನಕಲಿ, ಹಾಗಾದ್ರೆ ಆ ಜನ ಏನ್ ಮಾಡ್ಬೇಕು? ಅವರು ಕೋರ್ಟಿಗೆ ಹೋದ್ರು. 2006ರ ಡಿಸೆಂಬರ್‌ನಲ್ಲಿ ಹೈಕೋರ್ಟ್‌ನಲ್ಲಿ ಗೆದ್ರು, ಆದ್ರೆ ಕೇಸಲ್ಲಿ ಹೆಸರಿದ್ದವರಿಗೆ ಮಾತ್ರ ಆ ತೀರ್ಪು ಅನ್ವಯ ಅಂತ ಸರ್ಕಾರ ಕೊಂಕು ತೆಗೀತು. ಬೋರ್‌ವೆಲ್ ನೀರಿನ ಹಕ್ಕಿಗೆ ಮತ್ತೆ ಕೋರ್ಟು, 2010ರಲ್ಲಿ ಸೋಲು, 2011ರ ಜನವರಿಲಿ ಮೇಲ್ಮನವಿಲಿ ಗೆಲುವು. 2014ರಲ್ಲಿ ಅದೇ ರಿಸರ್ವ್ ಒಳಗೆ ವಜ್ರದ ಗಣಿ ಶುರುವಾಯ್ತು, ಸ್ಥಳಾಂತರಕ್ಕೂ ವಜ್ರಕ್ಕೂ ಸಂಬಂಧ ಇಲ್ಲ ಅಂತ ಸರ್ಕಾರ ಹೇಳ್ತಾನೇ ಬಂದಿದೆ, ಓದುಗರೇ ತೀರ್ಮಾನ ಮಾಡ್ಲಿ. 2021ರಲ್ಲಿ ಒಬ್ಬ ಹಿರಿಯರು ತೀರ್ಕೊಂಡಾಗ ಪೂರ್ವಿಕರ ನೆಲದಲ್ಲಿ ಮಣ್ಣು ಮಾಡೋಕೂ ಬಿಡ್ಲಿಲ್ಲ, ಹೆಣ ಸುಮಾರು ಮೂರು ವರ್ಷ ಶವಾಗಾರದಲ್ಲೇ ಇತ್ತು, 2024ರ ಕೊನೇಲಿ ಹೊಸ ಅಧ್ಯಕ್ಷ ಡೂಮಾ ಬೊಕೊ ಬಂದ ಮೇಲೆ ಅನುಮತಿ ಸಿಕ್ತು.

ಇದೆಲ್ಲ ನಾವು ಬದುಕಿರುವಾಗಲೇ ನಡೆದಿದ್ದು, ಆದ್ರೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಕೊನೆಗೊಂದು ರಿಕ್ವೆಸ್ಟ್. ದಕ್ಷಿಣ ಆಫ್ರಿಕಾದ ಸಾನ್ ಜನರೇ 2017ರಲ್ಲಿ, ತಮ್ಮ ಬಗ್ಗೆ ಸಂಶೋಧನೆ ಮಾಡೋಕೆ ಬರೋರಿಗೆ ಅಂತ ಒಂದು ನೀತಿ ಸಂಹಿತೆ ಮಾಡಿದಾರೆ, ಗೌರವ ಕೊಡಿ, ಪ್ರಾಮಾಣಿಕವಾಗಿರಿ, ಅನ್ಯಾಯ ಮಾಡ್ಬೇಡಿ ಅಂತ ನೇರ ಭಾಷೇಲಿದೆ, ಉದ್ದಾನೂ ಇಲ್ಲ. ಅದನ್ನ ಕನ್ನಡಕ್ಕೆ ಮಾಡಿಸಿ ಅದೇ ಪುರವಣಿಲಿ ಹಾಕಿ.

ಇಂತಿ,
ನಿಮ್ಮ ಓದುಗ