ಶುಕ್ರವಾರದ ಹೆಡಿಂಗ್ಲಿ ಪಂದ್ಯ: ಬರುವವರು ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಶುಕ್ರವಾರ ರಾತ್ರಿ 8ಕ್ಕೆ ಹೆಡಿಂಗ್ಲಿ ಸ್ಟೇಡಿಯಂನಲ್ಲಿ ಲೀಡ್ಸ್ ರೈನೋಸ್ ತಂಡದ ರಗ್ಬಿ ಲೀಗ್ (ರಗ್ಬಿಯ ಒಂದು ಬಗೆ) ಪಂದ್ಯಕ್ಕೆ ಹೋಗೋಣ ಅಂತ ಮಾತಾಗಿತ್ತಲ್ವಾ? ಟಿಕೆಟ್ ತೆಗೆಯಬೇಕು. ಎಷ್ಟು ಜನ, ಮಕ್ಕಳೆಷ್ಟು ಅಂತ ಬುಧವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.

ಸೌತ್ ಸ್ಟ್ಯಾಂಡಿನ ಕೆಳಭಾಗದಲ್ಲಿ ನಿಂತೇ ನೋಡಬೇಕು. ಹಾಡು, ಕೂಗಾಟ ಎಲ್ಲ ಅಲ್ಲೇ ಜಾಸ್ತಿ. ಆಟಗಾರರು ಡಿಕ್ಕಿ ಹೊಡೆಯುವ ಸದ್ದು ಧಪ್ ಅಂತ ಕಿವಿಗೇ ಬೀಳುತ್ತದೆ. ನನ್ನ ಮತ ಅದಕ್ಕೇ. ಅಪ್ಪ ಅಮ್ಮಂದಿರನ್ನು ಕರೆತರುವವರು ಮಾತ್ರ ನಾರ್ತ್ ಸ್ಟ್ಯಾಂಡಿನಲ್ಲಿ ಸೀಟು ಕೇಳಿ.

ಆ ನಾರ್ತ್ ಸ್ಟ್ಯಾಂಡಿಗೆ ಎರಡು ಮುಖ. ಈ ಕಡೆ ರಗ್ಬಿ, ಬೆನ್ನ ಹಿಂದೆ ಕ್ರಿಕೆಟ್ ಮೈದಾನ. ಹೌದು, 2002ರಲ್ಲಿ ನಮ್ಮ ದ್ರಾವಿಡ್ 148 ಹೊಡೆದು, ಕುಂಬ್ಳೆ ಏಳು ವಿಕೆಟ್ ಕಿತ್ತು ಟೆಸ್ಟ್ ಗೆಲ್ಲಿಸಿದ ಅದೇ ಹೆಡಿಂಗ್ಲಿ! ರಗ್ಬಿ ಕಡೆಯ ಚರಿತ್ರೆಯೂ ಕಡಿಮೆಯಿಲ್ಲ. 1890ರಿಂದ ಇಲ್ಲಿ ಆಟ ನಡೆಯುತ್ತಿದೆ. ರಗ್ಬಿ ಲೀಗ್‌ನ ನಾಕೌಟ್ ಟೂರ್ನಿ ಚಾಲೆಂಜ್ ಕಪ್‌ನ ಮೊಟ್ಟಮೊದಲ ಫೈನಲ್ 1897ರಲ್ಲಿ ಇಲ್ಲೇ ಆಯಿತು. ಬ್ಯಾಟ್ಲಿ ತಂಡ ಸೇಂಟ್ ಹೆಲೆನ್ಸನ್ನು 10-3ರಿಂದ ಸೋಲಿಸಿತು. 1947ರಲ್ಲಿ ಒಂದು ಪಂದ್ಯಕ್ಕೆ 40 ಸಾವಿರ ದಾಟಿ ಜನ ಸೇರಿದ್ದರು. ಈಗ ಅದರ ಅರ್ಧದಷ್ಟು ಜನಕ್ಕೆ ಮಾತ್ರ ಜಾಗ.

ಕಾರು ಬೇಡ, ಪಾರ್ಕಿಂಗ್ ತಲೆನೋವು. ಲೀಡ್ಸ್ ಸ್ಟೇಷನ್ನಿನಲ್ಲಿ 6:30ಕ್ಕೆ ಸೇರಿ, ಬರ್ಲಿ ಪಾರ್ಕ್‌ವರೆಗೆ ರೈಲು, ಆಮೇಲೆ ನಡಿಗೆ. ಕೊಡೆ ಬಿಚ್ಚಿದರೆ ಹಿಂದಿನವರು ಬೈತಾರೆ, ರೇನ್‌ಕೋಟ್ ತನ್ನಿ. ನಿಯಮ ಗೊತ್ತಿಲ್ಲ ಅಂತ ಹಿಂಜರಿಯಬೇಡಿ, ರೈಲಿನಲ್ಲೇ ಹೇಳಿಕೊಡುತ್ತೇನೆ.