ಗುಂಡುತೋಪಿನಲ್ಲಿ ಫಿರಂಗಿ ಇಲ್ಲಪ್ಪ

ದೋಸ್ತ,

ನಿನ್ನ ವಾದ ತೋಪೆದ್ದು ಹೋಯ್ತು. ಶರತ್ತಿನಂತೆ ಗಿರ್ಮಿಟ್, ಮಿರ್ಚಿ ಎರಡೂ ನಿನ್ನ ಲೆಕ್ಕದಲ್ಲಿ.

ತುಮಕೂರು ಕಡೆ ವರ್ಗವಾದ ಹೊಸದರಲ್ಲೇ ಫೋನ್ ಮಾಡಿ, 'ಇಲ್ಲಿ ಪಹಣಿಯಲ್ಲಿ ಗುಂಡುತೋಪು ಅಂತ ಇದೆ, ಹಿಂದೆ ಯಾರೋ ಫಿರಂಗಿ ಇಟ್ಟಿರಬೇಕು' ಅಂದೆಯಲ್ಲ. ಬಹಳ ನಕ್ಕೆ. ಆದರೆ ತಪ್ಪು ನಿನ್ನದಷ್ಟೇ ಅಲ್ಲ ಬಿಡು. ತೋಪು ಅಂದ ಕೂಡಲೇ ನಮಗಿಬ್ಬರಿಗೂ ನೆನಪಾಗುವುದು ವಿಜಯಪುರದ ಮಲಿಕ್-ಎ-ಮೈದಾನ್ ಫಿರಂಗಿ. ಏಳನೇ ಇಯತ್ತೆಯ ಟ್ರಿಪ್ಪಿನಲ್ಲಿ ಅದರ ಬಾಯಿಗೆ ತಲೆ ತೂರಿಸಿ ನೀನು ಕೂಗಿದ್ದು, ಮಾಸ್ತರು ನನ್ನ ಕಿವಿ ಹಿಂಡಿದ್ದು!

ಆ ತೋಪು ಬೇರೆ. ಅದು ತುರ್ಕಿ ಮೂಲದ್ದು, ಹಿಂದೂಸ್ತಾನಿ ದಾಟಿ ನಮ್ಮಲ್ಲಿಗೆ ಬಂತು. ಮರಗಳ ತೋಪು ಈ ಕಡೆಯದೇ. ತಮಿಳರು ತೋಪ್ಪು ಅನ್ನುತ್ತಾರೆ, ತೆಲುಗರಿಗೂ ತೋಪು. ಗುಂಡು ಅಂದರೂ ಬಂದೂಕಿನದ್ದೇ ಆಗಬೇಕಾ? ಗುಂಡುಕಲ್ಲು ಇಲ್ವಾ? ನೀನು ಕಂಡದ್ದು ಊರಿಗೆಲ್ಲ ಸೇರಿದ ಮರಗಳ ಜಾಗ, ಅಷ್ಟೇ.

ನಿನ್ನಂತೆ ಗೊಂದಲ ಆಗದಿರಲಿ ಅಂತಲೋ ಏನೋ, 1886ರ ಹಾಬ್ಸನ್-ಜಾಬ್ಸನ್ ನಿಘಂಟು ಇದನ್ನು ಬಿಡಿಸಿ ಹೇಳಿದೆ. ಇಲ್ಲಿದ್ದ ಇಂಗ್ಲಿಷರ ಬಾಯಿಗೆ ಹತ್ತಿದ ನಮ್ಮ ಮಾತುಗಳ ನಿಘಂಟು ಅದು. ಅದರಲ್ಲಿ 'ಟೋಪ್'ಗೆ ಮೂರು ಅರ್ಥ, ಮೂರಕ್ಕೂ ಬೇರೆ ಬೇರೆ ಮೂಲ. ಫಿರಂಗಿ, ಮರಗಳ ತೋಪು, ಮತ್ತೆ ಬೌದ್ಧರ ಸ್ತೂಪ. ಮಜಾ ಏನಂದರೆ, ನಮ್ಮ ದಕ್ಷಿಣದ ತೋಪನ್ನು ಸಾಹೇಬರು ಉತ್ತರ ಹಿಂದೂಸ್ತಾನದ ಮಾವಿನ ಮರಗಳಿಗೂ ಹಚ್ಚಿದರು. ಅಲ್ಲಿನ ಜನಕ್ಕೆ ಆ ಮಾತೇ ಗೊತ್ತಿರಲಿಲ್ಲ!

ಇದಕ್ಕಿಂತ ನನಗೆ ಹಿಡಿಸಿದ್ದು ಅಜ್ಜ ಹೇಳುತ್ತಿದ್ದ ಫರಕು. ಬೇಲಿ ಹಾಕಿ, ನೀರು ಹಾಯಿಸಿ ಕಾಯುವುದು ತೋಟ. ತಾನೇ ಬೆಳೆದದ್ದು ಅಡವಿ. ಯಾರೋ ನೆಟ್ಟು, ಅವರು ಹೋದ ಮೇಲೂ ನೀರು ಕೇಳದೆ ನಿಂತದ್ದು ತೋಪು.

ಕೆಲಗೇರಿ ಆಚೆ ನಾವು ಬುತ್ತಿ ಬಿಚ್ಚುತ್ತಿದ್ದ ತೋಪಿಗೆ ಹೋದ ರವಿವಾರ ಹೋಗಿದ್ದೆ. ಹನ್ನೊಂದು ಮರ ಉಳಿದಿವೆ. ಪಕ್ಕದ ಹೊಲ ಸೈಟ್ ಆಗಿದೆ, ಸಾಲಾಗಿ ಸುಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ. ಚಕ್ಕಡಿ ಬಿಟ್ಟು ಎತ್ತು ಕಟ್ಟುತ್ತಿದ್ದ ಮರ ನೆನಪಿದೆಯಾ? ಹಗ್ಗ ಸವೆಸಿದ ಗೆರೆ ಬುಡದಲ್ಲಿ ಇನ್ನೂ ಇದೆ, ಬೆರಳು ಇಟ್ಟರೆ ಕೂರುತ್ತದೆ. ಹಳೆ ಚಾಳಿ, ಒಂದು ಕಾಯಿ ಕೆಡವಿ ಅಲ್ಲೇ ಕಚ್ಚಿದೆ. ಸೊನೆ ತಾಗಿ ತುಟಿ ಸುಟ್ಟುಕೊಂಡಿದ್ದೇನೆ. ಮಿರ್ಚಿ ತಿನ್ನಲು ಇನ್ನೂ ನಾಲ್ಕು ದಿನ ಬೇಕು. ಆಮೇಲೆ ಬಾ.

ನಿನ್ನ ದೋಸ್ತ,
ಧಾರವಾಡದಿಂದ